ಸಂಪಾದಕರ ಉತ್ತರ: ಎಂಬತ್ತು ಮೀಟರು ಎಲ್ಲಿ ಹೋಯಿತು?

ಮುಧೋಳ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "2025ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಕುರಿತು ತಾವು ಎರಡು ಪುಟ ಬರೆದಿರಿ. ನೀರಜ್ ಚೋಪ್ರಾ ಎಂಟನೆಯವರಾದದ್ದಕ್ಕೆ ಅದರಲ್ಲಿ ಒಂದೂವರೆ ಪುಟ. ಮಹಿಳೆಯರ ಭಲ್ಲೆ ಎಸೆತಕ್ಕೆ 'ಅನ್ನು ರಾಣಿ ಅರ್ಹತಾ ಸುತ್ತಿನಲ್ಲೇ ಹೊರಕ್ಕೆ' ಎಂಬ ಒಂದೇ ಸಾಲು. ಚಿನ್ನ ಯಾರ ಪಾಲಾಯಿತೆಂದೂ ಹೇಳಲಿಲ್ಲ. ಪಕ್ಕದ ಪಟ್ಟಿಯಲ್ಲಿ ಮಹಿಳೆಯರ ವಿಶ್ವ ದಾಖಲೆ 80 ಮೀಟರ್ ಎಂದಿದೆ. ಚಿನ್ನ ಗೆದ್ದ ದೂರ 65 ಮೀಟರ್ ಎಂದು ನಾನು ಮೊಬೈಲಿನಲ್ಲಿ ಹುಡುಕಿ ಹೇಳಿದಾಗ, ನನ್ನ ಕೈಯಲ್ಲಿ ಕಲಿಯುತ್ತಿರುವ ಒಂಬತ್ತನೆಯ ತರಗತಿಯ ಹುಡುಗಿ, 'ಹಂಗಾದ್ರ ಆಗಿನವ್ರಿಗಿಂತ ಈಗಿನವ್ರಿಗೆ ಶಕ್ತಿ ಕಡಿಮಿ ಐತೇನ್ರೀ ಸರ್?' ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ."

ಗುರುಗಳಿಗೆ ನಮಸ್ಕಾರ.

ತಮ್ಮ ಪತ್ರದಲ್ಲಿ ಒಂದು ದೂರಿದೆ, ಒಂದು ಪ್ರಶ್ನೆಯಿದೆ. ದೂರು ನ್ಯಾಯವಾದದ್ದು, ಅದಕ್ಕೆ ಸಮಜಾಯಿಷಿ ಇಲ್ಲ. ಪ್ರಶ್ನೆ ಹುಟ್ಟಿದ್ದೇ ನಮ್ಮ ತಪ್ಪಿನಿಂದಾದ್ದರಿಂದ ಮೊದಲು ಅದನ್ನು ತಿದ್ದುತ್ತೇನೆ. ಮಹಿಳೆಯರ ಭಲ್ಲೆ ಎಸೆತದ ಇಂದಿನ ವಿಶ್ವ ದಾಖಲೆ 80 ಮೀಟರ್ ಅಲ್ಲ, 72.28 ಮೀಟರ್. ಜೆಕ್ ಗಣರಾಜ್ಯದ ಬಾರ್ಬೊರಾ ಸ್ಪೊಟಾಕೊವಾ ಅದನ್ನು 2008ರ ಸೆಪ್ಟೆಂಬರ್ 13ರಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬರೆದರು. ನಾವು ಅಚ್ಚು ಹಾಕಿದ 80.00 ಮೀಟರ್ ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆ 1988ರಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಎಸೆದ ದೂರ. ಅದೂ ಸುಳ್ಳಲ್ಲ, ಆದರೆ ಅವರು ಎಸೆದ ಭಲ್ಲೆಯೇ ಬೇರೆ, ಈಗಿನ ಭಲ್ಲೆಯೇ ಬೇರೆ. ಪಟ್ಟಿಯನ್ನು ಹಳೆಯ ಕಡತದಿಂದ ಎತ್ತಿಕೊಂಡ ನಾವು ಆ ಭೇದವನ್ನು ಗಮನಿಸಲಿಲ್ಲ.

ತಮ್ಮ ವಿದ್ಯಾರ್ಥಿನಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ, ಶಾಲೆಯ ಬೇಲಿ ದಾಟಿದರೆ ಕಬ್ಬಿನ ಹೊಲವಿದ್ದೇ ಇದೆ. ಒಂದು ಕಬ್ಬಿನ ಜಲ್ಲೆಯ ಸೋಗೆ ಕಿತ್ತು, ದಪ್ಪ ಬುಡ ಮುಂದಾಗುವಂತೆ ಹಿಡಿದು ಎಸೆದರೆ ಅದು ನೇರವಾಗಿ ಹೋಗಿ ಬೇಗನೆ ತಲೆ ಬಾಗಿಸಿ ನೆಲಕ್ಕೆ ಕುಟ್ಟುತ್ತದೆ. ಭಾರ ಮುಂದಿದ್ದಷ್ಟೂ ಮೂತಿ ಬೇಗ ಕೆಳಗಿಳಿಯುತ್ತದೆ. ಭಾರ ನಡುವಿನತ್ತ ಸರಿದಂತೆ ಜಲ್ಲೆ ಗಾಳಿಯಲ್ಲಿ ಅಡ್ಡಡ್ಡ ತೇಲುತ್ತದೆ. ಹಳೆಯ ಭಲ್ಲೆ ಈ ಎರಡನೆಯ ಜಾತಿಯದು. ನುರಿತ ಕೈಯಿಂದ ಹೊರಟರೆ ಅದು ಹದ್ದಿನ ಹಾಗೆ ತೇಲಿ ಹಲವು ಮೀಟರ್ ಹೆಚ್ಚುವರಿಯಾಗಿ ಗಳಿಸಿಕೊಂಡು, ಕೊನೆಗೆ ಮೈಚಾಚಿ ಅಡ್ಡಲಾಗಿ ಬೀಳುತ್ತಿತ್ತು.

ತಕರಾರು ಹುಟ್ಟುತ್ತಿದ್ದುದು ಆ ಬೀಳುವಿಕೆಯಲ್ಲಿ. ನಿಯಮದ ಪ್ರಕಾರ ಭಲ್ಲೆ ನೆಲಕ್ಕೆ ನೆಟ್ಟುಕೊಳ್ಳಲೇಬೇಕೆಂದಿಲ್ಲ, ಆದರೆ ಲೋಹದ ತಲೆಯೇ ಮೊದಲು ನೆಲ ಮುಟ್ಟಬೇಕು. ಹಿಂದೊಮ್ಮೆ ಬಾಗಲಕೋಟೆಯಲ್ಲಿ ಶಾಲಾ ಮಕ್ಕಳ ಕ್ರೀಡಾಕೂಟವೊಂದನ್ನು ನೋಡುತ್ತ ನಿಂತಿದ್ದೆ. ಹಿಂದಿನ ರಾತ್ರಿ ಮಳೆಯಾಗಿ ಎರೆ ನೆಲ ಮೇಲ್ಪದರ ಮಾತ್ರ ಒಣಗಿತ್ತು. ಹುಡುಗಿಯೊಬ್ಬಳ ಭಲ್ಲೆ ಅಂಗಾತ ಮಲಗಿದಂತೆ ಬಿತ್ತು. ನಿರ್ಣಾಯಕರು ಒಂದು ಕೈಯಲ್ಲಿ ಬಿಳಿ ಬಾವುಟ, ಇನ್ನೊಂದರಲ್ಲಿ ಕೆಂಪು ಬಾವುಟ ಹಿಡಿದು, ಯಾವುದನ್ನೂ ಎತ್ತಲಾರದೆ, ಮಂಡಿಯೂರಿ ಕುಳಿತು ಒಡೆದ ಮಣ್ಣಿನ ಪದರದಲ್ಲಿ ಮೊನೆಯ ಗುರುತನ್ನು ಹುಡುಕಿದರು. ಒಂದು ಕಡೆ ಬೆರಳಗಲದ ತಗ್ಗು ಸಿಕ್ಕಿತು. ಅದು ಮೊನೆಯದೋ ಬೆಳಗ್ಗೆ ಓಡಾಡಿದ ಮೇಕೆಯ ಗೊರಸಿನದೋ ಎಂಬ ಬಗ್ಗೆ ಎರಡು ಶಾಲೆಗಳ ಶಿಕ್ಷಕರ ನಡುವೆ ಸಣ್ಣ ಜಗಳವೇ ಆಯಿತು. ಅಂತರರಾಷ್ಟ್ರೀಯ ಮೈದಾನಗಳಲ್ಲಿ ಮೇಕೆಗಳಿರಲಿಲ್ಲ ಎಂಬುದನ್ನು ಬಿಟ್ಟರೆ ಅಲ್ಲಿಯ ಜಗಳವೂ ಇದೇ ಆಗಿತ್ತು.

ಪುರುಷರಲ್ಲಿ ಇದಕ್ಕೆ ಮೈದಾನ ಸಾಲದಾಗುವ ಭಯವೂ ಸೇರಿತು. ಪೂರ್ವ ಜರ್ಮನಿಯ ಊವೆ ಹೋನ್ 1984ರಲ್ಲಿ 104.80 ಮೀಟರ್ ಎಸೆದ ಮೇಲೆ, 1986ರಿಂದ ಪುರುಷರ ಭಲ್ಲೆಯ ಗುರುತ್ವಕೇಂದ್ರವನ್ನು ಮುಂದಕ್ಕೆ ಸರಿಸಲಾಯಿತು. ಮಹಿಳೆಯರ ಭಲ್ಲೆಗೆ ಅದೇ ತಿದ್ದುಪಡಿ ಬಂದದ್ದು 1999ರಲ್ಲಿ. ಭಲ್ಲೆ ಬದಲಾದ್ದರಿಂದ ದಾಖಲೆಯ ಪುಸ್ತಕವನ್ನೂ ಹೊಸದಾಗಿ ತೆರೆಯಲಾಯಿತು. ಆದ್ದರಿಂದ ಹುಡುಗಿಗೆ ಹೇಳಬೇಕಾದ ಉತ್ತರವೆಂದರೆ, ಶಕ್ತಿ ಕಡಿಮೆಯಾಗಿಲ್ಲ, ತೇಲುವುದು ಕಡಿಮೆಯಾಗಿದೆ. ಫೆಲ್ಕೆಯವರ 80 ಮೀಟರನ್ನೂ ಸ್ಪೊಟಾಕೊವಾ ಅವರ 72.28 ಮೀಟರನ್ನೂ ಒಂದೇ ಸಾಲಿನಲ್ಲಿ ಬರೆಯುವುದೆಂದರೆ ಸೇರು ಮತ್ತು ಕಿಲೋಗಳನ್ನು ಕೂಡಿಸಿ ಲೆಕ್ಕ ಒಪ್ಪಿಸಿದ ಹಾಗೆ.

ಹೊಸ ಭಲ್ಲೆಯ ಪುಸ್ತಕದಲ್ಲಿಯೂ ಒಂದು ಸಾಲು ಅಳಿಸಿಹೋಗಿದೆ ಎಂಬುದನ್ನು ಹೇಳಬೇಕು. 2011ರಲ್ಲಿ ದೇಗುವಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಷ್ಯಾದ ಮರಿಯಾ ಅಬಾಕುಮೊವಾ 71.99 ಮೀಟರ್ ಎಸೆದು ಗೆದ್ದಿದ್ದರು. ವರ್ಷಗಳ ಬಳಿಕ ಮಾದರಿಗಳನ್ನು ಮರುಪರೀಕ್ಷೆ ಮಾಡಿದಾಗ ನಿಷೇಧಿತ ಮದ್ದು ಪತ್ತೆಯಾಗಿ ಪದಕ ಹೋಯಿತು. ಅಂದು 71.58 ಮೀಟರ್ ಎಸೆದು ಎರಡನೆಯವರಾಗಿದ್ದ ಸ್ಪೊಟಾಕೊವಾ ಅವರಿಗೆ ಚಿನ್ನ ಬಂತು. ಚಾಂಪಿಯನ್‌ಷಿಪ್ ದಾಖಲೆಯು 2005ರಲ್ಲಿ ಹೆಲ್ಸಿಂಕಿಯಲ್ಲಿ 71.70 ಮೀಟರ್ ಎಸೆದಿದ್ದ ಕ್ಯೂಬಾದ ಒಸ್ಲೈಡಿಸ್ ಮೆನೆಂಡೆಸ್ ಅವರ ಹೆಸರಿಗೆ ಮರಳಿತು.

ಇನ್ನು ಟೋಕಿಯೊ. ನಾವು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. 65.12 ಮೀಟರ್ ಎಸೆದು ಚಿನ್ನ ಗೆದ್ದವರು ಇಕ್ವೆಡಾರಿನ ಯುಲೈಸಿ ಆಂಗುಲೊ. ಲಾಟ್ವಿಯಾದ ಅನೇಟೆ ಸಿಯೆಟಿನಾ 64.64 ಮೀಟರ್ ಎಸೆದು ಬೆಳ್ಳಿಯನ್ನೂ, ಆಸ್ಟ್ರೇಲಿಯಾದ ಮೆಕೆಂಜಿ ಲಿಟ್ಲ್ 63.58 ಮೀಟರ್ ಎಸೆದು ಕಂಚನ್ನೂ ಪಡೆದರು. ಹಾಲಿ ವಿಶ್ವ ಚಾಂಪಿಯನ್ ಮತ್ತು ಒಲಿಂಪಿಕ್ ಚಾಂಪಿಯನ್ ಎರಡೂ ಆಗಿದ್ದ ಜಪಾನಿನ ಹರುಕಾ ಕಿಟಗುಚಿ, ಆ ವರ್ಷ ಮೊಣಕೈ ನೋವಿನಿಂದ ನರಳಿ ಬಂದವರು, ಸ್ವಂತ ದೇಶದ ಪ್ರೇಕ್ಷಕರ ಎದುರೇ ಅರ್ಹತಾ ಸುತ್ತಿನಲ್ಲಿ ಹೊರಬಿದ್ದರು. ಅನ್ನು ರಾಣಿ ಹೊರಬಿದ್ದದ್ದೂ ಅದೇ ಸುತ್ತಿನಲ್ಲಿ. ಅಲ್ಲಿ ಸಿಗುವುದು ಮೂರೇ ಎಸೆತ. ಮೊದಲನೆಯದು ಕೈತಪ್ಪಿ, ಎರಡನೆಯದರಲ್ಲಿ ಗೆರೆ ತುಳಿದರೆ, ವರ್ಷವಿಡೀ ಪಟ್ಟ ಶ್ರಮವೆಲ್ಲ ಒಂದೇ ಓಟದ ಮೇಲೆ ನಿಲ್ಲುತ್ತದೆ. ಕಿಟಗುಚಿ ಅವರಂಥವರೇ ದಾಟಲಾರದ ಬಾಗಿಲನ್ನು ಅನ್ನು ರಾಣಿಯವರೊಬ್ಬರೇ ದಾಟಲಿಲ್ಲವೆಂಬಂತೆ ಬರೆದದ್ದು ಸರಿಯಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳೆಯರ ಭಲ್ಲೆ ಎಸೆತದಷ್ಟು ಕೊನೆಯ ಗಳಿಗೆಯವರೆಗೆ ಎದ್ದು ಹೋಗಲು ಬಿಡದ ಸ್ಪರ್ಧೆ ಬೇರೊಂದಿಲ್ಲ. ಮೊಟ್ಟಮೊದಲ ಕೂಟದಲ್ಲಿಯೇ, 1983ರಲ್ಲಿ ಹೆಲ್ಸಿಂಕಿಯಲ್ಲಿ, ಬ್ರಿಟನ್ನಿನ ಫಾತಿಮಾ ವಿಟ್‌ಬ್ರೆಡ್ ಮೊದಲ ಎಸೆತದಲ್ಲೇ 69.14 ಮೀಟರ್ ದಾಟಿ ಕುಳಿತಿದ್ದರು. ಆತಿಥೇಯ ಫಿನ್ಲೆಂಡಿಗೆ ಅಲ್ಲಿಯವರೆಗೆ ಒಂದೂ ಚಿನ್ನ ಬಂದಿರಲಿಲ್ಲ. ಟೀನಾ ಲಿಲ್ಲಕ್ ತಮ್ಮ ಕೊನೆಯ ಎಸೆತದಲ್ಲಿ 70.82 ಮೀಟರ್ ತಲುಪಿದರು. ಆ ಕೂಟದಲ್ಲಿ ಫಿನ್ಲೆಂಡಿಗೆ ದಕ್ಕಿದ ಒಂದೇ ಚಿನ್ನ ಅದು. 2015ರಲ್ಲಿ ಬೀಜಿಂಗ್‌ನಲ್ಲಿ ಚೀನಾದ ಲ್ಯು ಹುಯಿಹುಯಿ 66.13 ಮೀಟರ್‌ನೊಂದಿಗೆ ಮುಂದಿದ್ದಾಗ, ಜರ್ಮನಿಯ ಕ್ಯಾಥರಿನಾ ಮೊಲಿಟರ್ ಕೊನೆಯ ಎಸೆತದಲ್ಲಿ 67.69 ಮೀಟರ್ ಎಸೆದರು. 2019ರಲ್ಲಿ ದೋಹಾದಲ್ಲಿ ನಾಲ್ಕನೆಯ ಸ್ಥಾನದಲ್ಲಿದ್ದ ಆಸ್ಟ್ರೇಲಿಯಾದ ಕೆಲ್ಸಿ-ಲೀ ಬಾರ್ಬರ್ ಕೊನೆಯ ಎಸೆತದ 66.56 ಮೀಟರ್‌ನಿಂದ ಚಿನ್ನಕ್ಕೆ ಜಿಗಿದರು. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಕೊಲಂಬಿಯಾದ ಫ್ಲೋರ್ ರೂಯಿಸ್ 65.47 ಮೀಟರ್ ಎಸೆದು ಗೆದ್ದೇಬಿಟ್ಟರೆಂದುಕೊಂಡಿರುವಾಗ, ಅದೇ ನಾಲ್ಕನೆಯ ಸ್ಥಾನದಿಂದ ಕಿಟಗುಚಿ ಕೊನೆಯ ಎಸೆತದಲ್ಲಿ 66.73 ಮೀಟರ್ ಮುಟ್ಟಿದರು. ಇದೇ ಕಥೆ ಪುರುಷರ ಸ್ಪರ್ಧೆಯಲ್ಲಿ ಇಷ್ಟು ಬಾರಿ ಮರುಕಳಿಸಿದ್ದರೆ ನಾವೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡಿರುತ್ತಿದ್ದೆವು.

ಹೆಂಗಸರ ಭಲ್ಲೆ ಹಗುರವಾದ್ದರಿಂದ ಎಸೆಯುವುದು ಸುಲಭ ಎಂಬ ಮಾತನ್ನು ತಮ್ಮ ಶಾಲೆಯ ಹುಡುಗರು ಆಡುತ್ತಾರೆಂದೂ ತಾವು ಬರೆದಿದ್ದೀರಿ. ಪುರುಷರದು 800 ಗ್ರಾಂ, ಮಹಿಳೆಯರದು 600 ಗ್ರಾಂ ಎಂಬುದು ನಿಜ. ಆದರೆ ಭಲ್ಲೆ ಹಗುರವಾದಷ್ಟೂ ಅಡ್ಡಗಾಳಿಗೆ ಬೇಗ ಸೋಲುತ್ತದೆ, ಬಿಡುವ ಕೋನದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ನಡುಗುತ್ತ ಹೋಗುತ್ತದೆ. ದೂರವನ್ನು ಕೊಡುವುದು ತೋಳಿನ ಬಲವೊಂದೇ ಅಲ್ಲ. ಓಡಿ ಬಂದ ವೇಗವನ್ನೆಲ್ಲ, ಬಲಗೈಯವರಾದರೆ, ಎಡಗಾಲನ್ನು ಗೂಟದಂತೆ ನೆಲಕ್ಕೂರಿ ಒಮ್ಮೆಲೇ ತಡೆಯಬೇಕು. ಆಗ ಸೊಂಟ, ಎದೆ, ಹೆಗಲು, ಮೊಣಕೈ ಎಂಬ ಕ್ರಮದಲ್ಲಿ ಆ ವೇಗ ಚಾಟಿಯ ತುದಿಗೆ ಬಂದಂತೆ ಬೆರಳಿಗೆ ಬರುತ್ತದೆ. ಊರಿದ ಕಾಲಿನ ಮಂಡಿ ಬಾಗಿದರೆ ಅರ್ಧ ವೇಗ ನೆಲದ ಪಾಲಾಗುತ್ತದೆ. ಇದೆಲ್ಲ ತಮಗೆ ತಿಳಿಯದ್ದಲ್ಲ. ಆ ಹುಡುಗರಿಗೆ ಓದಿ ಹೇಳಲು ಅನುಕೂಲವಾಗಲೆಂದು ಬರೆದೆ.

ಅನ್ನು ರಾಣಿಯವರ ಬಗ್ಗೆ ಒಂದೇ ಸಾಲು ಬರೆದ ಸಾಲವನ್ನೂ ತೀರಿಸುತ್ತೇನೆ. ಉತ್ತರ ಪ್ರದೇಶದ ಮೇರಠ್ ಜಿಲ್ಲೆಯ ಬಹಾದ್ದೂರಪುರ ಎಂಬ ಹಳ್ಳಿಯವರು ಅವರು. ಆ ಸೀಮೆಯೂ ನಮ್ಮ ಮುಧೋಳ, ಜಮಖಂಡಿಗಳ ಹಾಗೆ ಕಬ್ಬಿನದು. ಕ್ರಿಕೆಟ್ ಆಡುವಾಗ ತಂಗಿಯ ತೋಳಿನ ಬಲ ಕಂಡ ಅಣ್ಣ ಆಕೆಯ ಕೈಗೆ ಮೊದಲು ಕೊಟ್ಟದ್ದು ಕಬ್ಬಿನ ಜಲ್ಲೆಯನ್ನು. ಜಲ್ಲೆಯಿಂದ ಬಿದಿರಿಗೆ, ಬಿದಿರಿನಿಂದ ಭಲ್ಲೆಗೆ ಬಂದ ಅವರಿಗೆ ಮುಂದೆ ತರಬೇತಿ ಕೊಟ್ಟವರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಶೀನಾಥ ನಾಯ್ಕರೂ ಒಬ್ಬರು; 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಪುರುಷರ ಭಲ್ಲೆ ಎಸೆತದಲ್ಲಿ ಕಂಚು ಗೆದ್ದವರು ಅವರು. ವಿಶ್ವ ಚಾಂಪಿಯನ್‌ಷಿಪ್‌ನ ಭಲ್ಲೆ ಎಸೆತದ ಫೈನಲ್ ತಲುಪಿದ ಭಾರತದ ಮೊದಲ ಮಹಿಳೆ ಅನ್ನು ರಾಣಿ. 2019ರಲ್ಲಿ ದೋಹಾದಲ್ಲಿ ಎಂಟನೆಯವರಾದರು, 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ಏಳನೆಯವರಾದರು. ಎರಡೂ ಫೈನಲ್‌ಗಳಲ್ಲಿ ಅವರು ಎಸೆದ ದೂರ ಒಂದು ಸೆಂಟಿಮೀಟರೂ ಆಚೀಚೆಯಾಗದೆ 61.12 ಮೀಟರ್ ಎಂಬುದು ಒಂದು ಸೋಜಿಗ. 2022ರ ಮೇ ತಿಂಗಳಿನಲ್ಲಿ ಜಮ್‌ಶೆಡ್‌ಪುರದಲ್ಲಿ ಅವರು ಎಸೆದ 63.82 ಮೀಟರನ್ನು ಟೋಕಿಯೊದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ, ಅದು ಕಂಚಿಗಿಂತ ಮೇಲಿದೆ. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾಮನ್‌ವೆಲ್ತ್ ಕಂಚನ್ನೂ, 2023ರಲ್ಲಿ ಹಾಂಗ್‌ಝೌನಲ್ಲಿ 62.92 ಮೀಟರ್ ಎಸೆದು ಏಷ್ಯನ್ ಕ್ರೀಡಾಕೂಟದ ಚಿನ್ನವನ್ನೂ ಗೆದ್ದರು.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಅವರ ಹೆಸರಿನ ಭಲ್ಲೆ ಕೂಟ ನಡೆದಾಗ ನಮ್ಮ ಕಡೆಯಿಂದಲೂ ಹುಡುಗರು ರಾತ್ರಿ ರೈಲು ಹತ್ತಿ ಹೋಗಿದ್ದರು. ಅಲ್ಲಿ ನಡೆದದ್ದು ಪುರುಷರ ಸ್ಪರ್ಧೆ ಮಾತ್ರ. ತಮ್ಮ ವಿದ್ಯಾರ್ಥಿನಿ ಅಲ್ಲಿಗೆ ಹೋಗಿದ್ದರೂ ತನ್ನ ಅಳತೆಯ ಭಲ್ಲೆ ಹಾರುವುದನ್ನು ಕಾಣುತ್ತಿರಲಿಲ್ಲ. ಪತ್ರಿಕೆಯಲ್ಲಿಯೂ ಕಾಣಲಿಲ್ಲವೆಂಬುದೇ ತಮ್ಮ ದೂರು. ಮುಂದಿನ ದೊಡ್ಡ ಕೂಟಗಳ ವರದಿಯಲ್ಲಿ ಮಹಿಳೆಯರ ಫೈನಲ್ಲಿಗೆ ಅದರದೇ ಆದ ಅಂಕಣ ಇರುತ್ತದೆ, ಭಾರತದವರು ಅದರಲ್ಲಿ ಇರಲಿ, ಇಲ್ಲದಿರಲಿ.

ಕೊನೆಗೆ, ಶಾಲೆಯಲ್ಲಿರುವ ಒಂದೇ ಭಲ್ಲೆ ಗಂಡುಮಕ್ಕಳದು, ಹುಡುಗಿ ಬಿದಿರಿನ ಗಳದಲ್ಲಿಯೇ ಅಭ್ಯಾಸ ಮಾಡುತ್ತಾಳೆ ಎಂದು ಬರೆದಿದ್ದೀರಿ. ಗಳವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ. ಹದಿನೆಂಟರೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ತೂಕ 500 ಗ್ರಾಂ. ಆಮೇಲೆ ಅದನ್ನು ಒಂದು ಬೆರಳಿನ ಮೇಲೆ ಆಡಿಸಿ ಸಮತೋಲ ಎಲ್ಲಿ ನಿಲ್ಲುತ್ತದೆಂದು ನೋಡಿ. ಬಿದಿರಿನಲ್ಲಿ ಅದು ನಟ್ಟನಡುವೆ ನಿಂತೀತು, ಸುಮಾರು 2.20ರಿಂದ 2.30 ಮೀಟರ್ ಉದ್ದದ ಮಹಿಳೆಯರ ಭಲ್ಲೆಯಲ್ಲಿ ಅದು ಮೊನೆಯಿಂದ 80ರಿಂದ 92 ಸೆಂಟಿಮೀಟರ್ ದೂರದಲ್ಲಿರುತ್ತದೆ. ಗಳವನ್ನು ಚೂಪು ಮಾಡದೆ, ಮುಂತುದಿಗೆ ತಂತಿ ಸುತ್ತಿ ಮೇಲೆ ಬಟ್ಟೆ ಬಿಗಿದರೆ ಭಾರ ಮುಂದಕ್ಕೆ ಬರುತ್ತದೆ. ತಂತಿ ಸುತ್ತುವ ಮೊದಲು ಎಷ್ಟು ದೂರ ಹೋಗುತ್ತಿತ್ತು, ಸುತ್ತಿದ ಮೇಲೆ ಎಷ್ಟು ಹೋಯಿತು ಎಂಬುದನ್ನು ಆಕೆಯೇ ಟೇಪು ಹಿಡಿದು ಅಳೆದು, ಆಕೆಯದೇ ಅಕ್ಷರದಲ್ಲಿ ಬರೆದು ನಮಗೆ ಕಳುಹಿಸಲಿ.

— ಸಂಪಾದಕ