ಯೆಜ್ಡಿಯಲ್ಲಿ ಬಂದ ವರ

ಪ್ರಶ್ನೆ: ನಮ್ಮ ಮಗಳಿಗೆ ಎರಡು ಸಂಬಂಧಗಳು ಬಂದಿವೆ. ಮೊದಲನೆಯ ಹುಡುಗ ಹೊಸ ಎಸ್‌ಯುವಿಯಲ್ಲಿ ಮನೆಯವರನ್ನೆಲ್ಲ ಕರೆತಂದ. ಎರಡನೆಯವನಿಗೂ ಒಳ್ಳೆಯ ಸಂಬಳವಿದೆ. ಆದರೆ ತಂದೆತಾಯಿಯನ್ನು ಆಟೋ ಹತ್ತಿಸಿ, ತಾನು ತಂದೆಯ ಕಾಲದ ಯೆಜ್ಡಿ ಬೈಕಿನಲ್ಲಿ ಹಿಂದೆ ಬಂದ. ಕಚೇರಿಗೆ ದಿನವೂ ಮೆಟ್ರೊದಲ್ಲಿ ಹೋಗುತ್ತಾನಂತೆ. ಇವನು ಜಿಪುಣನೇ ಇರಬೇಕೆಂದು ನಮ್ಮ ಯಜಮಾನರು ಹೇಳುತ್ತಾರೆ. ವಾಹನವನ್ನು ನೋಡಿ ಸ್ವಭಾವ ತಿಳಿಯಬಹುದೆ?
— ಒಬ್ಬ ತಾಯಿ, ಮಲ್ಲೇಶ್ವರ

ಉತ್ತರ: ನಿಮ್ಮ ಯಜಮಾನರು ಎಂದಾದರೂ ಯೆಜ್ಡಿ ಸಾಕಿದ್ದಾರೆಯೇ ಎಂದು ಮೊದಲು ಕೇಳಿ ನೋಡಿ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಓಡಿಸಬೇಕಾದ, ಬಿಡಿಭಾಗಕ್ಕಾಗಿ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆಸುವ, ಹದಿನೈದು ವರ್ಷ ದಾಟಿದ್ದರಿಂದ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯಲ್ಲಿ ನೋಂದಣಿ ನವೀಕರಿಸಿಕೊಳ್ಳಬೇಕಾದ ಈ ಬೈಕನ್ನು ಜಿಪುಣನಾದವನು ಎಂದೋ ಗುಜರಿಗೆ ಹಾಕಿ, ಲೀಟರಿಗೆ ಅರವತ್ತು ಕಿಲೋಮೀಟರ್ ಕೊಡುವ ಸಣ್ಣ ಬೈಕೊಂದನ್ನು ಕೊಂಡಿರುತ್ತಿದ್ದ. ಹುಡುಗ ಸ್ವಲ್ಪ ಹಟಮಾರಿಯಾಗಿರಬಹುದು. ಅಪ್ಪನ ಮೇಲೆ ಪ್ರೀತಿಯೂ ಇರಬಹುದು. ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗುವ ಆ ಬೈಕನ್ನು ಒಮ್ಮೆ ರೂಢಿಸಿಕೊಂಡವರಿಗೆ ಬೇರೆಯದು ಹಿಡಿಸುವುದಿಲ್ಲ ಎಂಬುದೂ ನಿಜ.

ಇನ್ನು ಎಸ್‌ಯುವಿ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 1892 ಕಾರು ಮಾಲೀಕರ ಸ್ವಭಾವವನ್ನು ಪರಿಶೀಲಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಗಳಗಂಟರೂ ಸ್ವಾರ್ಥಿಗಳೂ ಆದ ಗಂಡಸರು ಪ್ರತಿಷ್ಠಿತ ಕಾರುಗಳ ಕಡೆ ಹೆಚ್ಚು ಒಲಿಯುತ್ತಾರೆಂದು ಅದರಲ್ಲಿ ಕಂಡುಬಂತು. ಆದರೆ ಶಿಸ್ತಿನಿಂದ ದುಡಿಯುವ, ಹೊಣೆಯರಿತ ಗಂಡಸರು ಮತ್ತು ಹೆಂಗಸರು ಕೂಡ ಅವೇ ಕಾರುಗಳನ್ನು ಕೊಳ್ಳುತ್ತಾರೆಂಬುದೂ ಅಷ್ಟೇ ಸ್ಪಷ್ಟವಾಗಿ ಕಂಡಿತು. ಬಾಗಿಲಲ್ಲಿ ನಿಂತ ಕಾರನ್ನು ನೋಡಿದ ಮಾತ್ರಕ್ಕೆ ಒಳಗಿರುವವನು ಈ ಎರಡರಲ್ಲಿ ಯಾವ ಬಗೆಯವನೆಂದು ಹೇಳಲಾಗದು.

ನಮ್ಮ ಬೆಂಗಳೂರಿನಲ್ಲಂತೂ ವಾಹನ ಹೇಳುವುದು ಬಹುಪಾಲು ಮಾಲೀಕನ ಅನುಕೂಲ, ಅನನುಕೂಲಗಳನ್ನೇ: ಮನೆಯ ಮುಂದೆ ನಿಲ್ಲಿಸಲು ಜಾಗವಿದೆಯೇ, ಸಾಲದ ಕಂತು ಎಷ್ಟು, ಕಾರು ಕಂಪನಿ ಕೊಟ್ಟದ್ದೇ, ಮನೆಯಲ್ಲಿ ಮೆಟ್ಟಿಲು ಹತ್ತಲಾಗದ ಅಜ್ಜಿ ಇದ್ದಾರೆಯೇ ಎಂಬಿಷ್ಟು. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಕಾರು ನಿಲ್ಲಿಸಲು ಪಡುವ ಪಾಡನ್ನು ನಿಮಗೆ ನಾನು ವಿವರಿಸಬೇಕಿಲ್ಲ. ಯೆಜ್ಡಿಯ ಹುಡುಗ ಅದನ್ನು ಮೊದಲೇ ಲೆಕ್ಕ ಹಾಕಿದ್ದಿರಬಹುದು. ಕಚೇರಿಗೆ ಮೆಟ್ರೊ ಹಿಡಿಯುವವನು ಅಷ್ಟು ಲೆಕ್ಕಾಚಾರ ಬಲ್ಲವನೇ. ವಾಹನದಲ್ಲಿ ಸ್ವಭಾವ ಕಾಣುವುದಾದರೆ ಆಯ್ಕೆಗೆ ಅವಕಾಶವಿದ್ದ ಕಡೆ ಮಾತ್ರ. ಹೊಸ ಕಾರು ಕೊಳ್ಳಬಲ್ಲವನು ಹಳೆಯ ಬೈಕನ್ನು ಉಳಿಸಿಕೊಂಡಿರುವುದರಿಂದ ಅವನ ಬಗ್ಗೆ ಒಂದಿಷ್ಟು ತಿಳಿಯುತ್ತದೆ; ಎಸ್‌ಯುವಿಯವನಿಗೆ ಅಂಥ ಆಯ್ಕೆಯಿತ್ತೇ ಎಂಬುದನ್ನು ನೀವು ಬರೆದಿಲ್ಲ.

ನೀವು ಬರೆಯದೆ ಬಿಟ್ಟಿರುವುದು ಇನ್ನೊಂದಿದೆ. ಎರಡು ವಾಹನಗಳ ವಿವರವೂ ಯಜಮಾನರ ಅಭಿಪ್ರಾಯವೂ ಪತ್ರದಲ್ಲಿವೆ. ಇಬ್ಬರೊಡನೆಯೂ ಮಾತನಾಡಿರಬಹುದಾದ ನಿಮ್ಮ ಮಗಳು ಏನು ಹೇಳಿದಳೆಂಬುದು ಮಾತ್ರ ಎಲ್ಲಿಯೂ ಇಲ್ಲ.