ಕಾರಿನ ಮುಂದಿನ ಟೈರ್ ಒಳಅಂಚು ಮಾತ್ರ ಯಾಕೆ ಸವೆಯುತ್ತದೆ?

ಹೆಚ್ಚಾಗಿ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ತಪ್ಪಿರುತ್ತದೆ. ಟೈರ್ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡಿ: ಹೋಗುವಾಗ ನುಣುಪಾಗಿದ್ದು, ವಾಪಸ್ ಬರುವಾಗ ಗರಗಸದ ಹಲ್ಲಿನಂತೆ ತಾಗಿದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಟ್ಟಿದೆ. ಆದರೆ ಮೊದಲೇ ಅಲೈನ್‌ಮೆಂಟ್ ಮಾಡಿಸಬೇಡಿ. ಗುಂಡಿಗಳಲ್ಲಿ ಓಡಿ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು), ಲೋವರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್ ಜೋಡಣೆ) ಸಡಿಲವಾಗಿದ್ದರೆ ಆ ಸೆಟ್ಟಿಂಗ್ ನಿಲ್ಲುವುದೇ ಇಲ್ಲ, ದುಡ್ಡು ದಂಡ. ಜಾಕ್ ಏರಿಸಿ, ಚಕ್ರವನ್ನು ಎಡಬಲ ಹಿಡಿದು ಅಲುಗಿಸಿ; ಟಕ್‌ಟಕ್ ಎಂದರೆ ಮೊದಲು ಸಡಿಲವಾದ ಭಾಗ ಬದಲಿಸಿ.

ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡುಭಾಗ ಸವೆದರೆ ಹೆಚ್ಚು. ಕಲಬುರಗಿ ಬಿಸಿಲಲ್ಲಿ ಓಡಿಸಿದ ಮೇಲೆ ಒತ್ತಡ ಏರಿರುತ್ತದೆ, ಆಗ ಗಾಳಿ ಬಿಡಬೇಡಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳೆದು, ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಬರೆದಷ್ಟೇ ತುಂಬಿಸಿ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಮೇಲ್ಮೈಯ ಕಚ್ಚುಗಳ ಆಳ 1.6 ಮಿ.ಮೀ.ಗೆ ಇಳಿದ ಟೈರನ್ನು ಮಾತ್ರ ದಯವಿಟ್ಟು ಓಡಿಸಬೇಡಿ.