ಪ್ರತಿಕ್ರಿಯೆ: ಮಳೆ ಹಿಡಿದ ಮೇಲೆ ಬಾವಿನೀರಿನ ಪರೀಕ್ಷಾ ಬಾಟಲಿ ಕಪ್ಪಾಗಿರುವುದು
ಮಳೆ ಹಿಡಿದ ಮೇಲೆ ನಿಮ್ಮ ಬಾವಿನೀರು ತುಂಬಿದ ಪರೀಕ್ಷಾ ಬಾಟಲಿ (ನೀರಿನಲ್ಲಿ ಮಲದ ಕೊಳೆ ಇದ್ದರೆ ಕಪ್ಪಾಗುವಂಥದ್ದು) ಕಪ್ಪಾಗಿದ್ದೇಕೆ ಎಂದು ಕೇಳಿದ್ದೀರಿ. ಶೌಚಗುಂಡಿಯ ಕೊಳೆನೀರು ಬಾವಿಗೆ ಜಿನುಗುತ್ತಿರುವ ಸಂಭವವೇ ಹೆಚ್ಚು. ಗುಂಡಿ ಬಾವಿಯಿಂದ 25 ಅಡಿ ದೂರದಲ್ಲಿದೆ ಎಂದು ಬರೆದಿದ್ದೀರಿ. ಕನಿಷ್ಠ 50 ಅಡಿ ಅಂತರವಿರಬೇಕು, ನಿಮ್ಮಲ್ಲಿರುವಂತಹ ಮುರಕಲ್ಲಿನ ನೆಲದಲ್ಲಂತೂ ಮಳೆಗಾಲದಲ್ಲಿ ಬಿರುಕುಗಳ ಮೂಲಕ ಕೊಳೆ ಅದಕ್ಕಿಂತಲೂ ದೂರ ಹರಿಯಬಲ್ಲದು. ನೀರಿನಲ್ಲಿ ಸಹಜವಾಗಿ ಸಲ್ಫೈಡ್ (ಗಂಧಕದ ಸಂಯುಕ್ತ) ಇದ್ದರೂ ಬಾಟಲಿ ಕಪ್ಪಾಗುವುದುಂಟು. ಆದರೆ ಮನೆಯ ಇಬ್ಬರು ಮಕ್ಕಳಿಗೆ ಭೇದಿಯಾಗಿರುವಾಗ ಆ ಸಾಧ್ಯತೆಯನ್ನು ನಂಬಿ ಕೂರುವುದು ಸರಿಯಲ್ಲ.

ಇಂದಿನಿಂದಲೇ ಕುಡಿಯುವುದಕ್ಕೂ ಹಲ್ಲುಜ್ಜುವುದಕ್ಕೂ ಕೊತಕೊತನೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಮಕ್ಕಳಿಗೆ ಓಆರ್‌ಎಸ್ ಕೊಡುತ್ತಿರಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಅಥವಾ ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಬ್ಲೀಚಿಂಗ್ ಪುಡಿ ಹಾಕುವ ಮೊದಲೇ, ಪ್ರಯೋಗಾಲಯದವರು ಕೊಡುವ ಬಾಟಲಿಯಲ್ಲಿ ನೀರಿನ ಮಾದರಿ ತೆಗೆದು, ತಂಪಾಗಿಟ್ಟು, ಅದೇ ದಿನ ತಲುಪಿಸಿ. ಕುಡಿಯುವ ನೀರಿಗಿರುವ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಕೂಡದು.

ಬಳಿಕ ಬಾವಿಯ ನೀರನ್ನು ಶುದ್ಧಗೊಳಿಸಲು 1,000 ಲೀಟರಿಗೆ 2.5 ಗ್ರಾಂನಂತೆ ತಾಜಾ ಬ್ಲೀಚಿಂಗ್ ಪುಡಿ ಬೇಕಾಗುತ್ತದೆ. ನೀವು ಕೊಟ್ಟ ಅಳತೆಯಲ್ಲಿ, ಅಂದರೆ 2 ಮೀಟರ್ ವ್ಯಾಸ ಮತ್ತು 4 ಮೀಟರ್ ನೀರಿಗೆ, ಸುಮಾರು 12,500 ಲೀಟರ್ ಲೆಕ್ಕದಲ್ಲಿ ಅದು 31 ಗ್ರಾಂ ಆಗುತ್ತದೆ. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟ್ಟಿಗೆ ಬಸಿದು, ಅದನ್ನು ಹಗ್ಗದಿಂದ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆಯ ನಂತರ ಕ್ಲೋರೋಸ್ಕೋಪಿನಲ್ಲಿ (ನೀರಿನ ಕ್ಲೋರಿನ್ ಅಳೆಯುವ ಸಾಧನ) ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಕಾಣದಿದ್ದರೆ ಮತ್ತೊಮ್ಮೆ ಹಾಕಬೇಕು. ಕೊಳೆ ಹೆಚ್ಚಿದ್ದಾಗ ಮೊದಲ ಪ್ರಮಾಣ ಆ ಕೊಳೆಗೇ ಖರ್ಚಾಗಿಹೋಗುತ್ತದೆ.

ಗುಂಡಿಯನ್ನು ದೂರಕ್ಕೆ ಸ್ಥಳಾಂತರಿಸಿ, ಮರುಪರೀಕ್ಷೆಯ ವರದಿ ಶುದ್ಧವೆಂದು ಬರುವವರೆಗೂ ಕುದಿಸುವುದನ್ನು ನಿಲ್ಲಿಸಬೇಡಿ.